ಕಾವಲು ಕುರ್ಚಿ

ಆ ಮನೆಯ ಊಟದ ಮೇಜಿಗೆ ನಾಲ್ಕು ಕುರ್ಚಿ. ಮೂರರಲ್ಲಿ ಯಾರು ಬೇಕಾದರೂ ಕೂರಬಹುದು, ಕಾಲು ಮಡಚಿಕೊಂಡು ಕೂರಬಹುದು, ಒದ್ದೆ ಟವೆಲ್ ಬೇಕಾದರೂ ನೇತುಹಾಕಬಹುದು. ಗೋಡೆಗೆ ಬೆನ್ನು ಕೊಟ್ಟು, ಮೇಜಿಗೆ ಒಂಚೂರು ಓರೆಯಾಗಿ ಇಟ್ಟಿದ್ದ ನಾಲ್ಕನೆಯದನ್ನು ಮಾತ್ರ ಮುಟ್ಟುವಂತಿರಲಿಲ್ಲ. ಅದು ಅತ್ತೆಯದು. ಅದರಲ್ಲಿ ಮೊದಲ ಸಲ ಕೂತಾಗ ಅವಳು ಯಾರ ಅತ್ತೆಯೂ ಆಗಿರಲಿಲ್ಲ, ಮದುವೆಯಾಗಿ ಬಂದ ಹೊಸ ಹುಡುಗಿ. ಗಂಡ ಅವಳನ್ನು ಅಲ್ಲಿ ಕೂರಿಸಿ, ತಾನು ಎದುರಿಗೆ ನಿಂತು, "ನನ್ನ ಕೈಯನ್ನೇ ನೋಡ್ತಾ ಇರು. ಏನಾದ್ರೂ ಕಂಡ್ರೆ ಮೇಜು ತಟ್ಟು. ಗಂಡ ಅಂತ ಮುಲಾಜು ನೋಡ್ಬೇಡ" ಅಂದಿದ್ದ. ಅವತ್ತಿನಿಂದ ಅದಕ್ಕೆ ಕಾವಲು ಕುರ್ಚಿ ಅಂತಲೇ ಹೆಸರು.

ಗಂಡ ಜಾದೂಗಾರ. ವೇದಿಕೆಯ ಮೇಲೆ ಹೆಂಗಸನ್ನು ಪೆಟ್ಟಿಗೆಯೊಳಗೆ ಮಲಗಿಸಿ ಗರಗಸ ಎಳೆಯುವ ಪೈಕಿ ಅಲ್ಲ. ದೊಡ್ಡ ಹೋಟೆಲೊಂದರಲ್ಲಿ ಮೇಜಿನಿಂದ ಮೇಜಿಗೆ ಹೋಗಿ, ಊಟಕ್ಕೆ ಹೇಳಿ ಕಾಯುತ್ತಾ ಕೂತವರ ಮೂಗಿನ ಕೆಳಗೇ ನಾಣ್ಯ ಮಾಯ ಮಾಡುವವನು. ದೂರ ಕೂತ ಸಾವಿರ ಜನರ ಕಣ್ಣಿಗೆ ಮಣ್ಣೆರಚುವುದು ಒಂದು ಲೆಕ್ಕ. ಗೇಣು ದೂರದಲ್ಲಿ, ಹೊಟ್ಟೆ ಹಸಿದು, ಕೈಯಲ್ಲಿ ಫೋರ್ಕ್ ಹಿಡಿದು, 'ಎಲ್ಲಿ, ಮಾಡು ನೋಡೋಣ' ಅಂತ ಕೂತ ನಾಲ್ಕು ಜನರ ಮುಂದೆ ಮಾಡುವುದು ಬೇರೆಯೇ ಲೆಕ್ಕ. ಅಲ್ಲಿ ಒಂದು ಬೆರಳು ತಪ್ಪಿದರೆ ಮಾನ ಮೂರು ಕಾಸಿಗೆ ಹೋಗುತ್ತದೆ. ಅದಕ್ಕೇ ಕಾವಲು. ಕುರ್ಚಿಯಲ್ಲಿ ಕೂತವಳು ಮೇಜು ತಟ್ಟುವುದನ್ನು ಪೂರ್ತಿ ನಿಲ್ಲಿಸುವ ತನಕ ಯಾವ ಆಟವೂ ಮನೆಯ ಹೊಸಿಲು ದಾಟುವಂತಿರಲಿಲ್ಲ.

ಈ ವಿಷಯ ಹೋಟೆಲಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅತ್ತೆ ಒಂದು ದಿನವೂ ಹೋಟೆಲಿಗೆ ಹೋದವಳಲ್ಲ. "ಅಲ್ಲಿ ನಿನ್ನ ಮುಖ ಕಂಡ್ರೆ ನನ್ನ ಕೈ ನಡುಗುತ್ತೆ" ಅಂತ ಗಂಡ ಹೇಳಿದ್ದ. ಬೇರೆ ಹೆಂಗಸಾದರೆ ಮುಖ ಊದಿಸಿಕೊಳ್ಳುತ್ತಿದ್ದಳು. ಇವಳು ಅದನ್ನು ಒಡವೆಯ ಹಾಗೆ ಇಟ್ಟುಕೊಂಡಿದ್ದಳು. ಊರಿಗೆಲ್ಲ ಮೋಸ ಮಾಡುವ ಗಂಡ ಜಗತ್ತಿನಲ್ಲಿ ಹೆದರುವುದು ತನ್ನ ಕಣ್ಣೊಂದಕ್ಕೇ ಅಂದರೆ ಸಾಮಾನ್ಯವೇ?

ಹೀಗಿರುವಾಗ ಮಗನಿಗೆ ಮದುವೆಯಾಗಿ ಸೊಸೆ ಬಂದಳು. ಮಗ ಲಿಫ್ಟ್ ರಿಪೇರಿ ಮಾಡುವವನು. ಎತ್ತರದ ಕಟ್ಟಡಗಳ ಕತ್ತಲ ಬಾವಿಯಂಥ ಜಾಗದಲ್ಲಿ ನೇತಾಡಿ, ಮೈಯೆಲ್ಲ ಗ್ರೀಸ್ ಮಾಡಿಕೊಂಡು ಮನೆಗೆ ಬಂದು ಉಣ್ಣುವುದು ಅವನ ದಿನಚರಿ. ಸೊಸೆ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ರಫು ಮಾಡುವವಳು. ಸಿಗರೇಟಿನ ಕಿಡಿ ಬಿದ್ದು ತೂತಾದ ಕೋಟನ್ನು ಅವಳ ಕೈಗೆ ಕೊಟ್ಟರೆ, ತೂತು ಎಲ್ಲಿತ್ತು ಅಂತ ಕೋಟಿನ ಯಜಮಾನನೇ ಹುಡುಕಬೇಕು. ಅಂಥ ಕೆಲಸದವಳ ಕಣ್ಣು ಸುಮ್ಮನೆ ಇರುತ್ತದೆಯೇ?

ಒಂದು ಬೆಳಿಗ್ಗೆ ಮೊಟ್ಟೆ, ಬ್ರೆಡ್ಡು, ಟೀ ಮುಗಿದು, ಸೊಸೆ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದಳು. ಅತ್ತೆ ಕಾವಲು ಕುರ್ಚಿಯಲ್ಲಿ ಕೂತಿದ್ದಳು. ಜಾದೂಗಾರ ಹಳೆಯ ಆಟವೊಂದನ್ನು ತಿದ್ದಿ ತೋರಿಸುತ್ತಿದ್ದ. ನಾಣ್ಯ ಮುಷ್ಟಿಗೆ ಹೋಯಿತು, ಮುಷ್ಟಿ ಬಿಚ್ಚಿದ, ಇಲ್ಲ.

ಅತ್ತೆ ತಟ್ಟಲಿಲ್ಲ.

"ಮಾವ, ಅಂಗಿ ತೋಳಿನೊಳಗೆ ಹೋಯ್ತು ಅಲ್ವಾ?" ಅಂದಳು ಸೊಸೆ, ತಟ್ಟೆ ಹಿಡಿದುಕೊಂಡೇ.

ಜಾದೂಗಾರ ಅವಳ ಕಡೆ ತಿರುಗಿದ. "ನಿನಗೆ ಕಂಡ್ತಾ?"

"ಕಾಣ್ಲಿಲ್ಲ. ತೋಳಿನ ಬಟ್ಟೆ ಒಂಚೂರು ಎಳೆದ ಹಾಗಾಯ್ತು. ನಾಣ್ಯದ ಭಾರಕ್ಕೆ."

"ಭಲೇ!" ಅಂದ ಅವನು, ಖುಷಿಯಿಂದ. "ಬಟ್ಟೆ ನೋಡ್ತಾಳಂತೆ! ನಾನು ಇಷ್ಟು ವರ್ಷ ಕೈ ಅಡಗಿಸೋದು ಕಲಿತೆ, ಬಟ್ಟೆ ಅಡಗಿಸೋದು ಕಲೀಲಿಲ್ಲ ನೋಡು." ಆಮೇಲೆ ಹೆಂಡತಿಗೆ, "ನಿನಗೆ ಕಾಣ್ಲಿಲ್ವಾ?"

"ತಟ್ಟೋಕೆ ಕೈ ಎತ್ತಿದ್ದೆ," ಅಂದಳು ಅತ್ತೆ. "ಅಷ್ಟರಲ್ಲಿ ಇವಳ ಬಾಯಿ ಮುಂದೆ ಬಂತು."

ಕೈ ಎತ್ತಿರಲಿಲ್ಲ. ಮೂವರಿಗೂ ಅದು ಗೊತ್ತಿತ್ತು.

ಮಾರನೆಯ ದಿನದಿಂದ ಜಾದೂಗಾರ ನಾಣ್ಯ ಕೈಗೆ ತೆಗೆದುಕೊಳ್ಳುವ ಮುಂಚೆ, "ಸೊಸೆ ಎಲ್ಲಿ?" ಅನ್ನತೊಡಗಿದ. ಅತ್ತೆಯ ಹೊಟ್ಟೆಯಲ್ಲಿ ಬೆಂಕಿ ಬಿದ್ದದ್ದು ಆಗ. ಅವಳು ಜಗಳಕ್ಕೆ ಹೋಗಲಿಲ್ಲ. ಕೆಲಸ ಹಚ್ಚಿದಳು. ನಾಣ್ಯದ ಹೊತ್ತಿಗೆ ಸರಿಯಾಗಿ ಸೊಸೆಗೆ ಬಟ್ಟೆ ನೆನೆಸುವುದಿರುತ್ತಿತ್ತು, ಮಾರ್ಕೆಟ್ಟಿನಿಂದ ಈರುಳ್ಳಿ ತರುವುದಿರುತ್ತಿತ್ತು, ಮಹಡಿಯ ನೀರಿನ ಟ್ಯಾಂಕು ತುಂಬಿತೋ ಇಲ್ಲವೋ ನೋಡಿ ಬರುವುದಿರುತ್ತಿತ್ತು.

"ನಿನ್ನೆ ತಾನೇ ಈರುಳ್ಳಿ ತಂದಿದ್ದೀನಲ್ಲ ಅತ್ತೆ?"

"ಅದು ಸಣ್ಣದು. ಸಿಪ್ಪೆ ತೆಗೆದ್ರೆ ಉಳಿಯೋದೇ ಇಲ್ಲ."

ಸೊಸೆ ಚೀಲ ಹಿಡಿದು ಹೋಗುತ್ತಿದ್ದಳು. ಅವಳು ಹೋದ ಮೇಲೆ ಅತ್ತೆ ಸೀರೆಯ ನೆರಿಗೆ ಸರಿ ಮಾಡಿಕೊಂಡು ಕುರ್ಚಿಯಲ್ಲಿ ಕೂತು, "ಹೂಂ, ಶುರು ಮಾಡಿ" ಅನ್ನುತ್ತಿದ್ದಳು. ಜಾದೂಗಾರ, "ಅವಳೂ ಬರ್ಲಿ ಬಿಡು, ಏನು ಅವಸರ" ಅಂದು ಪೇಪರ್ ಬಿಚ್ಚುತ್ತಿದ್ದ.

ಕೋಟಿನ ವಿಷಯದಲ್ಲಂತೂ ಮಾತು ಬಾಯಿಬಿಟ್ಟೇ ಬಂತು. ಜಾದೂಗಾರನ ಕೆಲಸದ ಕೋಟಿನ ಒಳಗಡೆ ಗುಟ್ಟಿನ ಜೇಬೊಂದಿತ್ತು. ಅದನ್ನು ಹೊಲಿದವಳು ಅತ್ತೆ. ಕಿತ್ತು ಬಂದಾಗಲೆಲ್ಲ ಮತ್ತೆ ಹಾಕುವವಳೂ ಅವಳೇ. ಒಂದು ಸಂಜೆ ನೋಡಿದರೆ ಜೇಬು ಹೊಸದಾಗಿದೆ, ಹೊಲಿಗೆ ಹುಡುಕಿದರೂ ಸಿಗುವುದಿಲ್ಲ.

"ಇದನ್ನ ಯಾರು ಮುಟ್ಟಿದ್ದು?"

"ಮಾವ ಕೊಟ್ರು ಅತ್ತೆ. ದಾರ ಬೆರಳಿಗೆ ಸಿಕ್ಕಿಕೊಳ್ತಿದೆ ಅಂದ್ರು."

"ನನ್ನ ದಾರ ಸಿಕ್ಕಿಕೊಳ್ತಾ ಇತ್ತಂತಾ? ಇಷ್ಟು ವರ್ಷ ಸಿಕ್ಕಿಕೊಳ್ಳಲಿಲ್ಲ, ಈಗ ಸಿಕ್ಕಿಕೊಳ್ತಂತಾ?"

"ಹಾಗಲ್ಲ ಅತ್ತೆ..."

"ಹೇಗೂ ಅಲ್ಲ ಬಿಡಮ್ಮ. ನಿನ್ನ ಕೈ ಬಂಗಾರ, ನನ್ನದು ಕಬ್ಬಿಣ." ಕೋಟನ್ನು ಮೊಳೆಗೆ ಸಿಕ್ಕಿಸಿ ಅಡುಗೆಮನೆಗೆ ನಡೆದಳು. ಅವತ್ತಿನ ಸೂಪಿಗೆ ಉಪ್ಪೇ ಇರಲಿಲ್ಲ. ಯಾರೂ ಕೇಳುವ ಧೈರ್ಯ ಮಾಡಲಿಲ್ಲ.

ಹೊಟ್ಟೆಕಿಚ್ಚು ಅಂಟುರೋಗ. ಮಗನಿಗೂ ತಗುಲಿತು. ಅವನು ಕೆಲಸ ಮುಗಿಸಿ ಬಂದರೆ ಹೆಂಡತಿ ಅಪ್ಪನ ಎದುರು ಕೂತು ಕಿಲಕಿಲ ನಗುತ್ತಿರುತ್ತಾಳೆ, ಇವನ ಚಪ್ಪಲಿಯ ಸದ್ದೂ ಅವಳಿಗೆ ಕೇಳಿಸುವುದಿಲ್ಲ.

"ಇವತ್ತು ಲಿಫ್ಟಿನ ಹಗ್ಗ ಜಾರಿತು. ಒಂದು ಮಹಡಿ ಕೆಳಗೆ ಹೋದೆ ನಾನು," ಅಂದ ಊಟಕ್ಕೆ ಕೂತಾಗ.

"ಅಯ್ಯೋ!" ಅಂದಳು ಸೊಸೆ. "ಏನಾದ್ರೂ ಆಯ್ತಾ?"

"ಏನೂ ಆಗಿಲ್ಲ. ಹಗ್ಗ ಜಾರಲೂ ಇಲ್ಲ. ನೀನು ನನ್ನ ಕಡೆ ತಿರುಗ್ತೀಯಾ ನೋಡೋಣ ಅಂತ ಹೇಳಿದೆ."

ಜಾದೂಗಾರ ಬಿದ್ದು ಬಿದ್ದು ನಕ್ಕ. "ಲೋ, ಇದೂ ಒಂದು ಆಟವೇ ಕಣೋ."

"ನಿಮ್ಮದು ಆಟ ಅಪ್ಪ. ನಮ್ಮದು ಹೊಟ್ಟೆಪಾಡು," ಅಂದ ಮಗ. "ನಂಗೆ ಚಿಕ್ಕವನಿದ್ದಾಗ ಒಂದು ಆಟಾನೂ ಹೇಳಿಕೊಡಲಿಲ್ಲ ನೀವು. ಇವಳಿಗೆ ಮಾತ್ರ ಎಲ್ಲಾ ಹೇಳ್ತೀರಿ."

"ನಿನ್ನ ಕೈ ಅನ್ನದ ಚಮಚ ಹಿಡಿಯೋಕೂ ಸರಿಯಿರಲಿಲ್ಲ. ನಿಮ್ಮಮ್ಮನ್ನ ಕೇಳು."

"ನನ್ನ ಯಾಕೆ ಕೇಳ್ತಾನೆ?" ಅಂದಳು ಅತ್ತೆ, ಸಾರಿನ ಪಾತ್ರೆ ಕುಕ್ಕಿ. "ನಾನೀಗ ಈ ಮನೇಲಿ ಅಡುಗೆಯವಳು."

ಅದೇ ವಾರ ಹೋಟೆಲಿನಿಂದ ಕೆಟ್ಟ ಸುದ್ದಿ ಬಂತು. ಯಜಮಾನ ಒಬ್ಬ ಹೊಸ ಜಾದೂಗಾರನನ್ನು ಕರೆಸಿದ್ದ. ಕಟ್ಟುಮಸ್ತು ಯುವಕ, ಹಲ್ಲು ಬೆಳ್ಳಗೆ, ಗಿರಾಕಿಗಳ ಮೊಬೈಲನ್ನೇ ತೆಗೆದುಕೊಂಡು ಪರದೆಯೊಳಗಿಂದ ಇಸ್ಪೀಟು ಎಲೆ ಎಳೆಯುತ್ತಾನಂತೆ. ಇಬ್ಬರನ್ನು ಇಟ್ಟುಕೊಳ್ಳಲು ಆಗುವುದಿಲ್ಲ, ಎರಡು ವಾರ ಬಿಟ್ಟು ಭಾನುವಾರ ಮಧ್ಯಾಹ್ನ ನನ್ನ ಮೇಜಿಗೆ ನೆಂಟರು ಬರುತ್ತಾರೆ, ಇಬ್ಬರೂ ಬಂದು ಹೊಸದೇನಾದರೂ ತೋರಿಸಿ, ಅವರು ಯಾರನ್ನು ಮೆಚ್ಚುತ್ತಾರೋ ಅವರು ಉಳಿಯಲಿ ಅಂದಿದ್ದ ಯಜಮಾನ.

"ಇಷ್ಟು ವರ್ಷ ದುಡಿದವರಿಗೆ ಪರೀಕ್ಷೆ ಇಡೋದಾ?" ಅಂದ ಮಗ.

"ಇಡ್ಲಿ ಬಿಡು," ಅಂದ ಜಾದೂಗಾರ. ಆದರೆ ಅವನ ಮುಖ ಬಾಡಿತ್ತು. ಈ ವಯಸ್ಸಿನಲ್ಲಿ ಇನ್ನೊಂದು ಹೋಟೆಲು ಯಾರು ಕೊಡುತ್ತಾರೆ? ಅವನಿಗೆ ಬರುತ್ತಿದ್ದದ್ದು ಅದೊಂದೇ ವಿದ್ಯೆ.

ಹೊಸ ಆಟ ಹೀಗಿತ್ತು. ಗಿರಾಕಿಯ ಬೆರಳಿನ ಉಂಗುರ ಕೇಳಿ ತೆಗೆದುಕೊಂಡು ಎಡ ಮುಷ್ಟಿಯಲ್ಲಿ ಇಡುವುದು. ಮುಷ್ಟಿ ಬಿಚ್ಚಿದರೆ ಉಂಗುರ ಇಲ್ಲ. ಆಮೇಲೆ ಗಿರಾಕಿಯದೇ ಬ್ರೆಡ್ಡಿನ ಬುಟ್ಟಿಯಿಂದ ಒಂದು ಬನ್ನು ಎತ್ತಿ ಮುರಿದರೆ ಉಂಗುರ ಅದರೊಳಗೆ. ಉಂಗುರ ಎಡಗೈಗೆ ಹೋಗುವುದೇ ಇಲ್ಲ ಅನ್ನುವುದು ಗುಟ್ಟು. ಅದು ಬಲಗೈಯ ಮಡಚಿದ ಬೆರಳುಗಳಲ್ಲೇ ಇರುತ್ತದೆ, ಬನ್ನು ಎತ್ತಿ, ಮುರಿಯುವಾಗ ಅದನ್ನು ಒಳಗೆ ಒತ್ತುವುದೂ ಅದೇ ಕೈ.

"ಒಂದು ಉಂಗುರ ಕೊಡಿ ಯಾರಾದ್ರೂ," ಅಂದ ಮೊದಲ ದಿನ.

ಅತ್ತೆ, ಸೊಸೆ ಇಬ್ಬರೂ ಒಟ್ಟಿಗೇ ಬೆರಳಿಗೆ ಕೈ ಹಾಕಿದರು. ಅತ್ತೆಯ ಗೆಣ್ಣು ಊದಿತ್ತು. ತಿರುವಿದಳು, ಎಂಜಲು ಹಚ್ಚಿದಳು, ಉಂಗುರ ಜಪ್ಪಯ್ಯ ಅನ್ನಲಿಲ್ಲ. ಸೊಸೆಯದು ಸಲೀಸಾಗಿ ಬಂತು. ಜಾದೂಗಾರ ಸೊಸೆಯದನ್ನು ತೆಗೆದುಕೊಂಡ. ಅವನು ಏನೂ ಯೋಚಿಸಿ ತೆಗೆದುಕೊಂಡದ್ದಲ್ಲ, ಆದರೆ ಅತ್ತೆ ಸೋಪು ಹಚ್ಚಿ ಬರಲು ಎದ್ದವಳು ಬಚ್ಚಲಲ್ಲಿ ಕಣ್ಣೊರೆಸಿಕೊಂಡು ಬಂದಳು.

ಮನೆಯಲ್ಲಿ ಬನ್ನಿನ ಕಾಲ ಶುರುವಾಯಿತು. ಬೆಳಿಗ್ಗೆ ಮುರಿದ ಬನ್ನು, ಮಧ್ಯಾಹ್ನ ಸೂಪಿನಲ್ಲಿ ಅದ್ದಿದ ಮುರಿದ ಬನ್ನು, ಸಾಯಂಕಾಲ ಟೀ ಜೊತೆ ಮುರಿದ ಬನ್ನು. "ನಾನು ಕೆಲಸಕ್ಕೆ ಇದನ್ನೇ ಕಟ್ಟಿಕೊಂಡು ಹೋಗ್ತಿದ್ದೀನಿ. ಜೊತೆಯವರು ಮನೇಲಿ ಬೇಕರಿ ಇಟ್ಟಿದ್ದೀರಾ ಅಂತ ಕೇಳ್ತಾರೆ," ಅಂದ ಮಗ. ಮೊದಮೊದಲು ಮೇಜು ಪಟಪಟ ತಟ್ಟಿಸಿಕೊಂಡಿತು. ಅತ್ತೆಯೂ ತಟ್ಟಿದಳು, ಸೊಸೆಯೂ ತಟ್ಟಿದಳು, ಯಾರು ಮೊದಲು ಅಂತ ಪೈಪೋಟಿಗೆ ಬಿದ್ದ ಹಾಗೆ.

ಆಗ ಜಾದೂಗಾರ ಒಂದು ತಪ್ಪು ಮಾಡಿದ. "ನೀನು ಒಂಚೂರು ಎದ್ದು ಅವಳಿಗೆ ಜಾಗ ಬಿಡು," ಅಂದ ಹೆಂಡತಿಗೆ. "ಆ ಕುರ್ಚಿಯಿಂದ ಅವಳಿಗೆ ಹೇಗೆ ಕಾಣುತ್ತೋ ನೋಡೋಣ."

ಅತ್ತೆ ಎದ್ದಳು. ಕುರ್ಚಿಯನ್ನು ಎರಡೂ ಕೈಯಲ್ಲಿ ಹಿಡಿದು ಸೊಸೆಯ ಕಡೆ ತಳ್ಳಿದಳು. "ತಗೋಮ್ಮ. ಇಟ್ಕೋ. ಅಡುಗೆಮನೇನೂ ಬೇಕಾ? ಮಲಗೋ ಕೋಣೆ?"

"ಏನು ಮಾತು ಆಡ್ತೀಯೇ!" ಅಂದ ಜಾದೂಗಾರ.

ಸೊಸೆಯ ಮುಖ ಕೆಂಪಾಯಿತು. "ನಾನು ಕೂರಲ್ಲ ಮಾವ. ಅತ್ತೆ ಕೂರ್ಲಿ. ನಾನು ಪಕ್ಕದಲ್ಲಿ ನಿಂತಿರ್ತೀನಿ." ಅಂದವಳು ಅತ್ತೆಯ ಕೈ ಹಿಡಿದು ಕೂರಿಸಿದಳು. ಅತ್ತೆ ಕೂತಳು, ಆದರೆ ಮನಸ್ಸು ಕೂರಲಿಲ್ಲ.

ಅವತ್ತಿನ ಆಟದಲ್ಲೇ ಅತ್ತೆಗೆ ಅದು ಕಂಡಿತು. ಬನ್ನು ಎತ್ತುವ ಕ್ಷಣದಲ್ಲಿ ಗಂಡನ ಬಲಗೈಯ ಕಿರುಬೆರಳು ಸೆಟೆದುಕೊಳ್ಳುತ್ತಿತ್ತು. ಸೆಟೆದಾಗ ಪಕ್ಕದ ಬೆರಳ ಸಂದಿಯಲ್ಲಿ ಉಂಗುರ ಒಮ್ಮೆ ಮಿಂಚಿ ಮರೆಯಾಗುತ್ತಿತ್ತು. ನೇರ ಎದುರಿಗೆ ಕೂತವರಿಗೆ ಕಾಣದು, ಓರೆಯಿಂದ ನೋಡುವವರಿಗೆ ಕಾಣುತ್ತದೆ. ತಟ್ಟಲು ಬೆರಳು ಮಡಚಿದಳು. ಆಮೇಲೆ ಪಕ್ಕಕ್ಕೆ ನೋಡಿದಳು. ಸೊಸೆ ಸುಮ್ಮನೆ ನಿಂತಿದ್ದಾಳೆ!

ಓಹೋ, ಅಂದುಕೊಂಡಳು ಅತ್ತೆ. ಬಟ್ಟೆಯ ಎಳೆ ಎಣಿಸುವ ದೊಡ್ಡ ಕಣ್ಣಿಗೆ ಇದು ಕಾಣಲಿಲ್ಲ! ಅವಳಿಗೆ ಎಷ್ಟೋ ದಿನದ ಮೇಲೆ ಬಾಯಿಗೆ ರುಚಿ ಬಂದ ಹಾಗಾಯಿತು. ಇರಲಿ, ಇನ್ನೊಂದು ದಿನ ನೋಡೋಣ. ಮಾರನೆಯ ದಿನವೂ ಬೆರಳು ಸೆಟೆಯಿತು, ಉಂಗುರ ಮಿಂಚಿತು, ಸೊಸೆ ತಟ್ಟಲಿಲ್ಲ. ಆ ವಾರವೆಲ್ಲಾ ಹೀಗೆಯೇ ಆಯಿತು. ಶನಿವಾರ ಎಲ್ಲರೆದುರು ಒಂದೇ ಏಟು ತಟ್ಟಿ, ಈ ಮನೆಯಲ್ಲಿ ಕಣ್ಣು ಅಂದರೆ ಯಾರ ಕಣ್ಣು ಅಂತ ತೋರಿಸುವುದು ಅಂತ ಅತ್ತೆ ಮನಸ್ಸಿನಲ್ಲೇ ಮಂಡಿಗೆ ತಿಂದಳು.

ಶನಿವಾರ ಬೆಳಿಗ್ಗೆ ಸೀರೆ ಬದಲಾಯಿಸಿಕೊಂಡು ಬಂದು ಕುರ್ಚಿಯಲ್ಲಿ ಕೂತಳು. ಜಾದೂಗಾರ ಟೀ ಕುಡಿದು ಬೆರಳಿನ ನೆಟಿಗೆ ಮುರಿದುಕೊಂಡ. "ಇವತ್ತು ಬೇಡ. ಕೈಗೆ ವಿಶ್ರಾಂತಿ ಇರ್ಲಿ. ಆಟ ಹದಕ್ಕೆ ಬಂದಿದೆ. ಇಬ್ರೂ ತಟ್ಟೋದು ಬಿಟ್ಟು ಎಷ್ಟು ದಿನ ಆಯ್ತು!" ಆಮೇಲೆ ಸೊಸೆಯ ಕಡೆ ನೋಡಿ, "ಎಲ್ಲಾ ನಿನ್ನ ದಯೆ ಕಣಮ್ಮ. ನೀನು ಬಂದ ಮೇಲೆ ಎಷ್ಟು ಬೇಗ ಪಳಗಿತು ನೋಡು. ಮೊದಲೆಲ್ಲಾ ತಿಂಗಳುಗಟ್ಟಲೆ ಎಳೀತಿತ್ತು" ಅಂದ.

ಅತ್ತೆಯ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿದಳು. ಅವಳ ದಯೆಯಿಂದ ಪಳಗಿದ್ದರೆ ಅವಳ ದಯೆಯಿಂದಲೇ ನಡೆಯಲಿ. ಹಾಗಂದುಕೊಂಡು ಬೀನ್ಸ್ ಹೆಚ್ಚಲು ಹೋದಳು. ಚಾಕು ಬೆರಳಿಗೆ ತಾಕಿತು.

ಭಾನುವಾರ ಜಾದೂಗಾರ ಹೊರಟು ಹೋದ ಮೇಲೆ ಮಗ ಹೊಸ ಅಂಗಿ ಹಾಕಿಕೊಂಡು ಬಂದ. "ಅಪ್ಪನಿಗೆ ಹೇಳ್ಬೇಡ ಅಮ್ಮ. ನಾನು, ಇವಳು ಹೋಟೆಲಿಗೆ ಊಟಕ್ಕೆ ಹೋಗ್ತಿದ್ದೀವಿ. ಇವಳು ನೋಡ್ಬೇಕಂತೆ."

"ನೋಡ್ಬೇಕಂತಾ?" ಅಂದಳು ಅತ್ತೆ. "ಕಾವಲು ಕೂತವರು ಅಲ್ಲಿಗೆ ಹೋಗ್ಬಾರದು."

"ನಾನು ಕೂತಿಲ್ವಲ್ಲ ಅತ್ತೆ, ನಿಂತಿದ್ದೆ," ಅಂದಳು ಸೊಸೆ, ಮೆಲ್ಲಗೆ ನಕ್ಕು. ಆಮೇಲೆ ನಗು ನಿಲ್ಲಿಸಿ, "ಯಾಕೋ ನಂಗೆ ಮನೇಲಿ ಕೂರೋಕೆ ಆಗ್ತಿಲ್ಲ. ನೀವೂ ಬನ್ನಿ" ಅಂದಳು.

ತಾನು ಒಮ್ಮೆಯೂ ನೋಡದ್ದನ್ನು ಇವಳು ಹೋಗಿ ನೋಡುವುದೇ? ಅತ್ತೆ ಎರಡು ನಿಮಿಷದಲ್ಲಿ ತಲೆ ಬಾಚಿಕೊಂಡು ಬಂದಳು.

ಹೋಟೆಲು ಗಿಜಿಗುಡುತ್ತಿತ್ತು. ಮಾಣಿಯೊಬ್ಬ ಅವರನ್ನು ಕಂಬದ ಪಕ್ಕದ ಮೇಜಿಗೆ ಕರೆದುಕೊಂಡು ಹೋದ. ಅದರ ಆಚೆಯದೇ ಯಜಮಾನನ ಮೇಜು. ನೆಂಟರು ಕೂತಿದ್ದರು. ಯುವಕ ಜಾದೂಗಾರ ಆಗಲೇ ತನ್ನ ಮೊಬೈಲ್ ಆಟ ಮುಗಿಸಿ, ಚಪ್ಪಾಳೆ ಗಿಟ್ಟಿಸಿ, ಹಲ್ಲು ಬಿಡುತ್ತಾ ಪಕ್ಕಕ್ಕೆ ನಿಂತಿದ್ದ. ಆಮೇಲೆ ಅತ್ತೆಯ ಗಂಡ ಬಂದ.

ಅವಳಿಗೆ ಅವನನ್ನು ಗುರುತಿಸಲು ಒಂದು ಗಳಿಗೆ ಹಿಡಿಯಿತು. ಮನೆಯಲ್ಲಿ ಬನಿಯನ್ನಿನಲ್ಲಿ ನಿಲ್ಲುವವನು ಇಲ್ಲಿ ಬೆನ್ನು ನೆಟ್ಟಗೆ ಮಾಡಿ, ಸಲೀಸಾಗಿ ನಗಿಸುತ್ತಾ, ಯಜಮಾನನ ನೆಂಟರಲ್ಲಿ ಒಬ್ಬ ಹೆಂಗಸಿನಿಂದ ಉಂಗುರ ಕೇಳಿ ಪಡೆಯುತ್ತಿದ್ದ. ಆ ಹೆಂಗಸು ನಾಚಿಕೊಂಡು ನಗುತ್ತಿದ್ದಳು. ಅತ್ತೆಗೆ ಅವಳ ಮೇಲೂ ಹೊಟ್ಟೆ ಉರಿಯಿತು. ಇಷ್ಟು ಚಂದವಾಗಿ ಮಾತಾಡುತ್ತಾನೆ ಅಂತ ತನಗೆ ಇಷ್ಟು ವರ್ಷ ಯಾರೂ ಹೇಳಿರಲಿಲ್ಲ.

ಉಂಗುರ ಎಡ ಮುಷ್ಟಿಗೆ ಹೋಯಿತು, ಅಂದರೆ ಹೋದ ಹಾಗಾಯಿತು. ಬಲಗೈ ಬನ್ನಿನ ಬುಟ್ಟಿಯ ಕಡೆ ಸರಿಯಿತು. ಕಿರುಬೆರಳು ಸೆಟೆಯಿತು. ಉಂಗುರ ಮಿಂಚಿತು.

ಟಕ್.

ಅತ್ತೆಯ ಕೈಯಲ್ಲಿದ್ದ ಚಮಚ ಮೇಜು ತಟ್ಟಿತ್ತು. ಅವಳು ತಟ್ಟಿದ್ದಲ್ಲ, ಕೈ ತಟ್ಟಿತ್ತು. ಇಷ್ಟು ವರ್ಷ ಕಂಡ ಕೂಡಲೇ ತಟ್ಟಿದ ಕೈ ಅದು, ಅದಕ್ಕೆ ಮನೆ ಯಾವುದು, ಹೋಟೆಲು ಯಾವುದು?

ಜಾದೂಗಾರನ ಕೈ ಬುಟ್ಟಿಯ ಮೇಲೇ ನಿಂತುಹೋಯಿತು. ಅವನು ತಿರುಗಿ ನೋಡಿದ. ಕಂಡದ್ದು ಹೆಂಡತಿ. ಯಜಮಾನನೂ, ನೆಂಟರೂ ತಿರುಗಿದರು.

"ಏನಮ್ಮ, ನಿಮಗೆ ಕಂಡ್ತಾ?" ಅಂದಳು ಉಂಗುರದ ಹೆಂಗಸು, ಉತ್ಸಾಹದಿಂದ. "ಎಲ್ಲಿದೆ, ಹೇಳಿ ಹೇಳಿ!"

ಎಲ್ಲಿದೆ ಅಂತ ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳುವುದೊಂದೇ ಅತ್ತೆ ಬಲ್ಲದ್ದು. ಪಕ್ಕದಲ್ಲಿ ಏನೋ ಅಲುಗಿತು. ನೋಡಿದರೆ ಸೊಸೆ. ಸೊಸೆಯ ಕಣ್ಣು ಮಾವನ ಬಲಗೈಯ ಕಿರುಬೆರಳಿನ ಮೇಲೆ ನೆಟ್ಟಿತ್ತು. ಅವಳು ಕುರ್ಚಿಯಿಂದ ಅರ್ಧ ಎದ್ದು, "ಎಡ..." ಅಂತ ಬಾಯಿ ತೆಗೆಯುತ್ತಿದ್ದಳು.

ಅತ್ತೆಗೆ ಎಲ್ಲವೂ ಅರ್ಥವಾಯಿತು. ಇವಳಿಗೆ ಕಾಣುತ್ತಿದೆ. ಈಗಲೂ ಕಾಣುತ್ತಿದೆ, ಮನೆಯಲ್ಲೂ ಕಂಡಿತ್ತು. ಬೇಕೆಂದೇ ಸುಳ್ಳು ಜಾಗ ತೋರಿಸಿ ಮಾವನ ಮಾನ ಉಳಿಸಲು ಹೊರಟಿದ್ದಾಳೆ. ಜೇಬು ಹೊಲಿದದ್ದು ಸಾಲದೆ ಇದನ್ನೂ ಇವಳೇ ಮಾಡಬೇಕೇ!

"ಎಡಗೈಲಿ!" ಅಂತ ಅತ್ತೆ ಸೊಸೆಯ ದನಿ ಮುಚ್ಚಿಹೋಗುವಷ್ಟು ಜೋರಾಗಿ ಕೂಗಿದಳು. "ಎಲ್ಲೂ ಹೋಗಿಲ್ಲ, ಎಡಗೈಲೇ ಇದೆ! ಇವರು ಸುಮ್ನೆ ನಾಟಕ ಆಡ್ತಿದ್ದಾರೆ. ಬಿಚ್ಚಿಸಿ ನೋಡಿ!"

ಎಲ್ಲರ ಕಣ್ಣೂ ಎಡಗೈಗೆ ಹೋಯಿತು. ಜಾದೂಗಾರ ಎಡ ಮುಷ್ಟಿಯನ್ನು ಒಂದೊಂದೇ ಬೆರಳಾಗಿ ಬಿಚ್ಚಿದ. ಖಾಲಿ. ನೆಂಟರು ಹೋ ಅಂತ ನಕ್ಕರು, ಆಚೆಯ ಮೇಜುಗಳವರೂ ನಕ್ಕರು. ಆ ನಗುವಿನಲ್ಲಿ ಬಲಗೈ ಬನ್ನು ಎತ್ತಿದ್ದನ್ನು ಯಾರೂ ನೋಡಲಿಲ್ಲ. ಬನ್ನು ಮುರಿದು ಉಂಗುರ ಹೊರಬಂದಾಗ ಮಾಣಿಗಳೂ ಟ್ರೇ ಕೆಳಗಿಟ್ಟು ಚಪ್ಪಾಳೆ ಹೊಡೆದರು.

"ಪಾಪ, ಆಂಟಿ ಎಷ್ಟು ಧೈರ್ಯವಾಗಿ ಹೇಳಿದ್ರು!" ಅಂದಳು ಉಂಗುರದ ಹೆಂಗಸು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಾ.

ಯಜಮಾನ ಜಾದೂಗಾರನ ಬೆನ್ನು ತಟ್ಟಿದ. ಯುವಕ ಜಾದೂಗಾರ ಮೊಬೈಲನ್ನು ಜೇಬಿಗೆ ಹಾಕಿಕೊಂಡ. ಸತ್ಯ ಹೇಳಬೇಕೆಂದರೆ ಅವತ್ತು ಆ ಮನೆಯ ಅನ್ನ ಉಳಿಸಿದ್ದು ಪ್ರೀತಿಯಲ್ಲ, ಹೊಟ್ಟೆಕಿಚ್ಚು.

ಸಂಜೆ ಎಲ್ಲರೂ ಮೇಜಿನ ಸುತ್ತ ಟೀಗೆ ಕೂತರು. ಜಾದೂಗಾರ ಖುಷಿಯಲ್ಲಿದ್ದ, ಹೋಟೆಲಿಗೆ ಬಂದದ್ದಕ್ಕೆ ಬೈಯಲೂ ಇಲ್ಲ. ಹೆಂಡತಿಯ ಕಪ್ಪಿಗೆ ತಾನೇ ಟೀ ಸುರಿದ. ಹಾಗೆ ಅವನು ಮಾಡಿದ್ದೇ ಇಲ್ಲ.

"ತಟ್ಟಿದ ಸದ್ದು ಕೇಳಿ ನನ್ನ ಜೀವ ಹೋಯ್ತು ಕಣೇ," ಅಂದ. "ನೀನು ಎಡಗೈ ಅಂದ ಮೇಲೆ ಗೊತ್ತಾಯ್ತು. ಪಾಪ, ನಿನ್ನ ಕಣ್ಣು ಇಷ್ಟು ಮಂಜಾಗಿದೆ ಅಂತ ನಾನು ಗಮನಿಸಲೇ ಇಲ್ಲ. ಎಡಗೈಗೆ ಹೋಯ್ತು ಅಂತ ನಂಬಿಬಿಟ್ಯಲ್ಲ! ಕಾವಲು ಕೂತ ಮೊದಲನೇ ದಿನವೂ ನೀನು ಹಾಗೆ ಮೋಸ ಹೋಗಿರಲಿಲ್ಲ."

ಅತ್ತೆ ಕಪ್ಪು ಮುಟ್ಟಲಿಲ್ಲ.

"ನಾಳೆ ಕಣ್ಣಿನ ಡಾಕ್ಟರ ಹತ್ರ ಹೋಗೋಣ. ಇನ್ಮೇಲೆ ನೀನು ತೊಂದರೆ ತಗೋಬೇಡ. ಸೊಸೆ ನೋಡ್ಕೋತಾಳೆ. ಆರಾಮಾಗಿರು." ಅವನ ದನಿಯಲ್ಲಿ ನಿಜವಾದ ಮರುಕವಿತ್ತು. ಅದೇ ಅವಳಿಗೆ ಸೂಜಿಯ ಹಾಗೆ ಚುಚ್ಚಿತು.

ಸುಮ್ಮನಿದ್ದರೆ ಅವಳು ಒಳ್ಳೆಯವಳು, ಕಣ್ಣು ಕಾಣದ ಮುದುಕಿ. ಬಾಯಿಬಿಟ್ಟರೆ ಗಂಡನನ್ನು ಗೊತ್ತಿದ್ದೂ ಬಾವಿಗೆ ತಳ್ಳಲು ಹೊರಟವಳು. ಸೊಸೆ ಮೇಜಿನ ಕೆಳಗೆ ಅತ್ತೆಯ ಮಂಡಿ ಒತ್ತಿದಳು, ಬೇಡ ಅನ್ನುವ ಹಾಗೆ. ಆ ಕೈಯನ್ನು ಅತ್ತೆ ಸರಿಸಿದಳು. ಕೆಟ್ಟವಳು ಅನ್ನಿಸಿಕೊಂಡಾಳು, ಕುರುಡಿ ಅನ್ನಿಸಿಕೊಳ್ಳಲಾರಳು.

"ಬಲಗೈಲಿತ್ತು," ಅಂದಳು. "ಬನ್ನು ಎತ್ತುವಾಗ ನಿಮ್ಮ ಕಿರುಬೆರಳು ಕೋಲಿನ ಹಾಗೆ ಸೆಟೆಯುತ್ತೆ. ಸಂದಿಯಲ್ಲಿ ಉಂಗುರ ಮಿಂಚುತ್ತೆ. ವಾರವೆಲ್ಲಾ ನೋಡಿದ್ದೀನಿ. ನನ್ನ ಕಣ್ಣಿಗೆ ಏನೂ ಆಗಿಲ್ಲ."

"ವಾರವೆಲ್ಲಾ?" ಅಂದ ಜಾದೂಗಾರ. "ಮತ್ತೆ ತಟ್ಟಲಿಲ್ಲ?"

"ಬೇಕಂತಲೇ ತಟ್ಟಲಿಲ್ಲ."

"ಅಮ್ಮಾ!" ಅಂದ ಮಗ.

"ಯಾಕೆ?" ಅಂತ ಕೇಳಿದ ಜಾದೂಗಾರ. ಅವಳು ಸೊಸೆಯ ಕಡೆ ನೋಡಿದಳು, ಆಮೇಲೆ ತನ್ನ ಕುರ್ಚಿಯ ಕಡೆ ನೋಡಿದಳು. ಅವನು ಮತ್ತೆ ಕೇಳಲಿಲ್ಲ. ಸೊಸೆಯ ಕಡೆ ತಿರುಗಿದ. "ನಿನಗೂ ಕಂಡಿತ್ತಾ?"

"ಇಲ್ಲ ಮಾವ," ಅಂದಳು ಸೊಸೆ, ತಡಮಾಡದೆ. "ನಂಗೆ ಕಾಣ್ಲಿಲ್ಲ. ಅತ್ತೆಯ ಕಣ್ಣು ನನ್ನ ಕಣ್ಣಿಗಿಂತ ಚುರುಕು."

ಅತ್ತೆ ಬಯಸಿದ್ದು ಇದೇ ಮಾತು. ಇದನ್ನು ಕೇಳಲು ತಿಂಗಳುಗಟ್ಟಲೆ ಬೆಂದಿದ್ದಳು. ಈಗ ಅದು ತಟ್ಟೆಯಲ್ಲಿ ಬಂದು ಬಿದ್ದಾಗ ಗಂಟಲಲ್ಲಿ ಇಳಿಯಲಿಲ್ಲ.

"ಸುಳ್ಳು!" ಅಂದಳು. "ಹೋಟೆಲಲ್ಲಿ ನೀನು ನೋಡ್ತಿದ್ದದ್ದು ಬಲಗೈನ. ಬಾಯಿಬಿಟ್ಟದ್ದು ಎಡ ಅನ್ನೋಕೆ. ನಾನು ನಿನ್ನನ್ನೂ ನೋಡ್ತಿದ್ದೆ. ನನ್ನ ಕುರ್ಚಿನ ನಂಗೇ ಭಿಕ್ಷೆ ಹಾಕ್ಬೇಡ ನೀನು."

ಸೊಸೆ ಕಪ್ಪು ಕೆಳಗಿಟ್ಟಳು. ಅವಳ ತಾಳ್ಮೆಯೂ ಅಲ್ಲಿಗೆ ಮುಗಿಯಿತು. "ಹೌದು, ನೋಡಿದ್ದೆ! ನಿಮಗಿಂತ ಮುಂಚೆ ನೋಡಿದ್ದೆ. ನಾನು ತಟ್ಟಿದ್ರೆ ನೀವು ಊಟ ಬಿಡ್ತೀರಿ, ಮಾತು ಬಿಡ್ತೀರಿ, ನನ್ನ ಈರುಳ್ಳಿಗೆ ಓಡಿಸ್ತೀರಿ. ನೀವೇ ತಟ್ಲಿ, ನಿಮ್ಮದೇ ಆಗ್ಲಿ ಅಂತ ದಿನಾ ಕಾದೆ. ನೀವು ತಟ್ಟಲೇ ಇಲ್ಲ. ನಾನೇನು ಮಾಡ್ಲಿ?"

ಮೇಜಿನ ಮೇಲೆ ಆಟಕ್ಕೆ ತಂದು ಉಳಿದ ಬನ್ನುಗಳು ಒಣಗುತ್ತಿದ್ದವು. ಮಗ ಒಂದನ್ನು ಎತ್ತಿಕೊಂಡು, ತಿನ್ನದೆ, ಮತ್ತೆ ಅಲ್ಲೇ ಇಟ್ಟ.

"ಹಾಗಾದ್ರೆ ಇಬ್ಬರಿಗೂ ಕಂಡಿತ್ತು," ಅಂದ ಜಾದೂಗಾರ. ಬೈಯುತ್ತಾನೆ ಅಂತ ಎಲ್ಲರೂ ಕಾದರು. ಬೈದಿದ್ದರೆ ಚೆನ್ನಾಗಿತ್ತು. "ನೀವಿಬ್ರೂ ಸುಮ್ಮನಿದ್ದೀರಿ ಅಂತಲೇ ನಾನು ಧೈರ್ಯವಾಗಿ ಹೋದೆ." ಅಷ್ಟು ಹೇಳಿ ಟೀ ಮುಗಿಸಿ, ಕಪ್ಪನ್ನು ತಾನೇ ತೊಳೆದಿಟ್ಟು ಎದ್ದುಹೋದ.

ಮಾರನೆಯ ದಿನ ಅವನು ಒಂದು ಕನ್ನಡಿ ತಂದ. ಎದೆಯ ತನಕ ಕಾಣುವಂಥದು. ಒಳಗಿನ ಕೋಣೆಯ ಗೋಡೆಗೆ ಮೊಳೆ ಹೊಡೆದು ನೇತುಹಾಕಿ, ಬೆಳಿಗ್ಗೆ ಟೀ ಆದ ಮೇಲೆ ಆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳತೊಡಗಿದ. ಊಟದ ಹೊತ್ತಿಗೆ ಬರುತ್ತಿದ್ದ, ಬಡಿಸಿದ್ದನ್ನು ತಿನ್ನುತ್ತಿದ್ದ, ಅಡುಗೆ ಚೆನ್ನಾಗಿದೆ ಅನ್ನುತ್ತಿದ್ದ, ಲಿಫ್ಟಿನ ವಿಷಯ ಕೇಳುತ್ತಿದ್ದ. ಮಗನಿಗೆ ಮಾತ್ರ ಇದರಿಂದ ಲಾಭವಾಯಿತು. ಕಾವಲು ಕುರ್ಚಿಯ ಮೇಲೆ ಯಾರೋ ಒದ್ದೆ ಟವೆಲ್ ನೇತುಹಾಕಿದರು. ಅತ್ತೆ ತೆಗೆಯಲಿಲ್ಲ.

ಅತ್ತೆ, ಸೊಸೆ ಅಡುಗೆಮನೆಯಲ್ಲಿ ಕೂತು ಬಟಾಣಿ ಬಿಡಿಸುವಾಗ ಒಳಗಿನಿಂದ ನಾಣ್ಯ ನೆಲಕ್ಕೆ ಬಿದ್ದ ಸದ್ದು ಕೇಳುತ್ತಿತ್ತು.

"ಹೆಬ್ಬೆರಳು ಬೇಗ ಎತ್ತಿದ್ರು," ಅಂದಳು ಅತ್ತೆ ಒಂದು ದಿನ.

"ಇಲ್ಲ ಅತ್ತೆ. ಮೊಣಕೈ ಎಳೆದಿರ್ಬೇಕು."

"ಹೆಬ್ಬೆರಳು. ಅವರ ಹೆಬ್ಬೆರಳು ನಂಗೆ ಗೊತ್ತಾ, ನಿಂಗೆ ಗೊತ್ತಾ?"

"ಸರಿ, ಹೆಬ್ಬೆರಳು."

"ಸರಿ ಅಂತ ಯಾಕೆ ಒಪ್ಕೋತೀಯ? ಮೊಣಕೈ ಅನ್ನಿಸಿದ್ರೆ ಮೊಣಕೈ ಅನ್ನು!"

"ಮೊಣಕೈ!" ಅಂದಳು ಸೊಸೆ. ಅತ್ತೆಗೆ ಸಿಟ್ಟೂ ಬಂತು, ಯಾಕೋ ಹಗುರವೂ ಆಯಿತು. ಆದರೆ ಬಾಗಿಲು ಮುಚ್ಚಿಯೇ ಇತ್ತು, ಹೆಬ್ಬೆರಳೋ ಮೊಣಕೈಯೋ ನೋಡುವುದು ಹೇಗೆ?

ಒಂದು ಮಧ್ಯಾಹ್ನ ಅವನು ಹೋಟೆಲಿಗೆ ಹೋದ ಮೇಲೆ ಅತ್ತೆ ಆ ಕೋಣೆ ಗುಡಿಸಲು ಹೋದಳು. ಕನ್ನಡಿ ಅವಳನ್ನೇ ದಿಟ್ಟಿಸಿತು. ಅದರ ಮೇಲೆ ಅವಳಿಗೆ ಸೊಸೆಯ ಮೇಲೆ ಬಂದದ್ದಕ್ಕಿಂತ ಹೆಚ್ಚು ಹೊಟ್ಟೆಕಿಚ್ಚು ಬಂತು. ಗಂಡ ನಿಲ್ಲುವ ಜಾಗದಲ್ಲಿ ನಿಂತು ಬಲಗೈ ಎತ್ತಿದಳು, ಕಿರುಬೆರಳು ಸೆಟೆಸಿದಳು. ಆಮೇಲೆ, "ಏ, ಬಾ ಇಲ್ಲಿ!" ಅಂತ ಸೊಸೆಯನ್ನು ಕೂಗಿದಳು.

ಸೊಸೆ ಒದ್ದೆ ಕೈಯಲ್ಲೇ ಓಡಿ ಬಂದಳು.

"ನಿನ್ನ ಉಂಗುರ ಕೊಡು. ನೋಡು, ಹೀಗೆ ಹಿಡಿದ್ರೆ ಇದರಲ್ಲಿ ಏನಾದ್ರೂ ಕಾಣುತ್ತಾ? ಎದುರಿಗೆ ಇದ್ದದ್ದಷ್ಟೇ ಕಾಣೋದು. ಓರೆಯಿಂದ ಕಾಣೋದೇ ಇಲ್ಲ!"

ಸೊಸೆಯೂ ನಿಂತು, ಹಿಡಿದು ನೋಡಿದಳು. "ಹೌದು ಅತ್ತೆ. ಏನೂ ಗೊತ್ತಾಗಲ್ಲ. ಇದನ್ನ ನಂಬ್ಕೊಂಡು ಹೋದ್ರೆ ಮತ್ತೆ ಸಿಕ್ಕಿಬೀಳ್ತಾರೆ." ಇಬ್ಬರೂ ಕನ್ನಡಿಯಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಹೇಳೋಣ್ವಾ?"

"ನಾನು ಹೇಳ್ತೀನಿ," ಅಂದಳು ಅತ್ತೆ. "ನೀನು ಬಾಯಿ ಬಿಟ್ಟೀಯಾ ಜೋಕೆ."

ಅವನು ಬರುವ ಹೊತ್ತಿಗೆ ಅವಳು ಬಾಗಿಲಲ್ಲೇ ನಿಂತಿದ್ದಳು. ಚಪ್ಪಲಿ ಬಿಡುವುದಕ್ಕೂ ಅವಕಾಶ ಕೊಡಲಿಲ್ಲ.

"ರೀ, ಆ ಕನ್ನಡಿ ಸರಿ ಇಲ್ಲ. ಅದಕ್ಕೆ ಓರೆಯಿಂದ ಕಾಣಲ್ಲ. ನಾನು ನಿಂತು ನೋಡಿದೆ."

"ಗೊತ್ತು," ಅಂದ ಜಾದೂಗಾರ. ಕಂಕುಳಲ್ಲಿ ಇಟ್ಟುಕೊಂಡಿದ್ದ ದೊಡ್ಡ ಪೊಟ್ಟಣವನ್ನು ಮೇಜಿನ ಮೇಲೆ ಇಟ್ಟು, ದಾರ ಬಿಚ್ಚಿ, ಪೇಪರ್ ಸರಿಸಿದ. ಇನ್ನೊಂದು ಕನ್ನಡಿ. "ಪಕ್ಕದ ಗೋಡೆಗೆ ಇದು. ಸುತ್ತಿಗೆ ಎಲ್ಲಿದೆ?"

ಸುತ್ತಿಗೆ ಎಲ್ಲಿದೆ ಅಂತ ಅತ್ತೆಗೆ ಗೊತ್ತಿತ್ತು. ಗೊತ್ತಿಲ್ಲ ಅಂದಳು.